ಮನೆಯಲ್ಲೇ ಮಸಾಜ್: ಬೆನ್ನು, ಕಾಲು, ಕತ್ತಿನ ನೋವಿಗೆ ಕೈ ಹಾಕುವ ಕ್ರಮ

ಎಷ್ಟು ಗಟ್ಟಿಯಾಗಿ ಒತ್ತಬೇಕು? ಯಾವ ಎಣ್ಣೆ ಒಳ್ಳೆಯದು? ಬೆನ್ನಿನಲ್ಲಿ ಕೈಗೆ ಸಿಗುವ ಗಂಟನ್ನು ಬಿಡಿಸುವುದು ಹೇಗೆ? ಮಾಡಿಸಿಕೊಂಡ ಮರುದಿನ ನೋವು ಹೆಚ್ಚಾಯಿತಲ್ಲ, ಯಾಕೆ? ಮಸಾಜ್ ವಿಷಯಕ್ಕೆ ಬಂದರೆ ಓದುಗರು ಮತ್ತೆ ಮತ್ತೆ ಕೇಳುವುದು ಇವನ್ನೇ. ಎಲ್ಲದರ ಹಿಂದೆ ಇರುವುದು ಒಂದೇ ತಪ್ಪು ನಂಬಿಕೆ: ಗಟ್ಟಿಯಾಗಿ ಒತ್ತಿದಷ್ಟೂ ಗುಣ ಹೆಚ್ಚು ಎಂಬುದು. ಮನೆಯಲ್ಲಿ ಮಾಡುವ ಮಸಾಜ್ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಬಿಗಿದ ಸ್ನಾಯುವಿನ ಮೇಲೆ ಥಟ್ಟನೆ ಭಾರ ಬಿದ್ದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಆ ಬಿಗಿತವನ್ನು ಮುರಿಯಲು ಮತ್ತಷ್ಟು ಒತ್ತಿದರೆ ಸ್ನಾಯುವಿಗೆ ಪೆಟ್ಟಾಗುತ್ತದೆ, ಮರುದಿನ ಬಾವು, ನೋವು. ನಿಧಾನವಾಗಿ, ಅಗಲವಾಗಿ ಒತ್ತಿದಾಗ ಆಗುವುದೇ ಬೇರೆ. ಸ್ಪರ್ಶದ ಸುದ್ದಿ ಒಯ್ಯುವ ನರಗಳು ನೋವಿನ ಸುದ್ದಿಯನ್ನು ಬೆನ್ನುಹುರಿಯ ಮಟ್ಟದಲ್ಲೇ ಸ್ವಲ್ಪ ತಡೆಯುತ್ತವೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮುಂದಿಟ್ಟ ‘ಗೇಟ್ ಕಂಟ್ರೋಲ್’ ಸಿದ್ಧಾಂತದ ತಿರುಳು ಇದು. ಅದರ ವಿವರಗಳು ಆಮೇಲೆ ತಿದ್ದುಪಡಿಯಾಗಿವೆ, ಆದರೆ ನೋವಾದ ಜಾಗವನ್ನು ಸವರಿದರೆ ಯಾಕೆ ಹಾಯೆನಿಸುತ್ತದೆ ಎಂಬುದಕ್ಕೆ ಅದು ಈಗಲೂ ಒಳ್ಳೆಯ ವಿವರಣೆ. ಜೊತೆಗೆ ಉಸಿರು ನಿಧಾನವಾಗುತ್ತದೆ, ದೇಹ ವಿಶ್ರಾಂತಿಯ ಕಡೆ ವಾಲುತ್ತದೆ.

ನಿರೀಕ್ಷೆಯನ್ನೂ ಅಳತೆಯಲ್ಲಿಡಿ. ಒಂದು ಸಲದ ಮಸಾಜಿನ ಆರಾಮ ಕೆಲವು ಗಂಟೆಗಳಿಂದ ಒಂದೆರಡು ದಿನ ಉಳಿಯುತ್ತದೆ. ವ್ಯಾಯಾಮದ ನಂತರದ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ, ಮಸಾಜ್ ಅದನ್ನು ಹೊರಹಾಕುತ್ತದೆ ಎಂಬ ಮಾತು ಸರಿಯಲ್ಲ. ದಣಿದಾಗ ಸ್ನಾಯುವಿನಲ್ಲಿ ಹೆಚ್ಚುವ ಲ್ಯಾಕ್ಟೇಟನ್ನು ದೇಹ ಸುಮಾರು ಒಂದು ಗಂಟೆಯೊಳಗೆ ತಾನೇ ಖಾಲಿ ಮಾಡುತ್ತದೆ. ಒಂದರಿಂದ ಮೂರನೇ ದಿನದವರೆಗೆ ಕಾಡುವ ನೋವು, ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುವಿನ ನಾರುಗಳಿಗೆ ಆದ ಸಣ್ಣ ಪೆಟ್ಟುಗಳದ್ದು. ಹಗುರ ಮಸಾಜ್ ಅದನ್ನು ಸಹ್ಯವಾಗಿಸುತ್ತದೆ, ಅಷ್ಟೇ.

ಯಾರಿಗೆ ಮಾಡಬಾರದು

ಎಣ್ಣೆ ಕೈಗೆ ಹಾಕಿಕೊಳ್ಳುವ ಮೊದಲೇ ಈ ಭಾಗ ಓದಿ ಮುಗಿಸಿ.

ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಕೈ ಹಾಕಲೇಬೇಡಿ. ಅದು ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು. ವೈದ್ಯರು ಇದನ್ನು ‘ಡೀಪ್ ವೇನ್ ಥ್ರಾಂಬೋಸಿಸ್’, ಚಿಕ್ಕದಾಗಿ ಡಿವಿಟಿ ಎನ್ನುತ್ತಾರೆ. ಶಸ್ತ್ರಚಿಕಿತ್ಸೆ, ಬಹುಕಾಲ ಹಾಸಿಗೆ ಹಿಡಿದಿರುವುದು, ಕುಳಿತಲ್ಲೇ ಕುಳಿತು ಮಾಡಿದ ದೂರದ ಪ್ರಯಾಣ ಇವುಗಳ ನಂತರ ಇದರ ಸಾಧ್ಯತೆ ಹೆಚ್ಚು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ‘ಕಾಲು ಸೆಳೆತ, ಸ್ವಲ್ಪ ತೀಡಿಬಿಡಿ’ ಎಂದು ಯಾರಾದರೂ ಕೇಳಿದಾಗ ಎರಡೂ ಕಾಲುಗಳನ್ನು ಒಟ್ಟಿಗಿಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಜ್ವರ, ಅಂಟುವ ಚರ್ಮರೋಗ, ತೆರೆದ ಗಾಯ, ಸುಟ್ಟ ಗಾಯ, ಮೂಳೆ ಮುರಿತದ ಅನುಮಾನ ಇದ್ದರೆ ಮಸಾಜ್ ಮುಂದಕ್ಕೆ ಹಾಕಿ. ಉಳುಕಿದ್ದು, ಸ್ನಾಯು ಹರಿದದ್ದು ಹೊಸದಾಗಿದ್ದರೆ ಆ ಜಾಗವನ್ನು ಕನಿಷ್ಠ 48ರಿಂದ 72 ಗಂಟೆ ಮುಟ್ಟಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆತ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಗರ್ಭಿಣಿಯರಿಗೆ ಮಾಡುವುದನ್ನು ಅದಕ್ಕೆಂದೇ ತರಬೇತಿ ಪಡೆದವರಿಗೆ ಬಿಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಒತ್ತಡ ಹೆಚ್ಚಾದದ್ದು ತಿಳಿಯುವುದೇ ಇಲ್ಲ, ಅವರ ಪಾದಕ್ಕೆ ಸವರುವುದಕ್ಕಿಂತ ಹೆಚ್ಚಿನದು ಬೇಡ.

ಬೆನ್ನುನೋವಿನ ಜೊತೆಗೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಕುಂದುತ್ತಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಎದೆ ಬಿಗಿತ, ಉಸಿರಾಟದ ಕಷ್ಟ, ಬೆವರಿನ ಜೊತೆ ಎಡಗೈ ಅಥವಾ ಭುಜ ನೋಯುತ್ತಿದ್ದರೂ ಹಾಗೆಯೇ. ಅದು ಸ್ನಾಯುನೋವು ಎಂದುಕೊಂಡು ತಿಕ್ಕುತ್ತಾ ಕೂರುವ ಹೊತ್ತಲ್ಲ.

ಏನೇನು ಬೇಕು

ನೆಲದ ಮೇಲೆ ದಪ್ಪ ಚಾಪೆ ಅಥವಾ ತೆಳು ಹಾಸಿಗೆ, ಎರಡು ದೊಡ್ಡ ಟವೆಲ್, ಎರಡು ದಿಂಬು, ಒಂದು ಟೆನಿಸ್ ಚೆಂಡು, ಸ್ವಲ್ಪ ಎಣ್ಣೆ. ಮೆತ್ತನೆಯ ಮಂಚ ಬೇಡ. ನೀವು ಒತ್ತಿದಾಗ ದೇಹ ಹಾಸಿಗೆಯೊಳಗೆ ಕುಸಿಯುತ್ತದೆ, ನೀವು ಸುಮ್ಮನೆ ಬಲ ಖರ್ಚು ಮಾಡುತ್ತೀರಿ, ನಿಮ್ಮ ಸೊಂಟವೂ ಹಿಡಿಯುತ್ತದೆ. ಮೇಜಿನ ಮೇಲೆ ಮಾಡುವುದಾದರೆ, ಪಕ್ಕದಲ್ಲಿ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಮೇಜಿಗೆ ತಾಗುವ ಎತ್ತರ ಸರಿ.

ಎಣ್ಣೆಯ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದು ಬೇಕಾದ್ದಕ್ಕಿಂತ ಹೆಚ್ಚು. ಕೈ ಜಾರಲಿ, ಚರ್ಮ ಎಳೆಯದಿರಲಿ ಎಂಬುದಷ್ಟೇ ಅದರ ಕೆಲಸ. ಕೊಬ್ಬರಿ, ಎಳ್ಳು, ಸೂರ್ಯಕಾಂತಿ ಯಾವುದಾದರೂ ಆದೀತು. ಬಾದಾಮಿ ಎಣ್ಣೆಯಾದರೆ ಅಲರ್ಜಿ ಇದೆಯೇ ಎಂದು ಕೇಳಿ. ಇಡೀ ಬೆನ್ನಿಗೆ 10ರಿಂದ 15 ಮಿ.ಲೀ., ಅಂದರೆ ಎರಡು ಮೂರು ಟೀ ಚಮಚ ಸಾಕು. ಹೆಚ್ಚು ಸುರಿದರೆ ಕೈ ಜಾರಿ ಸ್ನಾಯುವಿನ ಹಿಡಿತವೇ ಸಿಗುವುದಿಲ್ಲ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಲ್ಯಾವೆಂಡರ್‌ನಂಥ ಸುಗಂಧ ತೈಲಗಳು ಬಹಳ ಗಾಢ, ಅವನ್ನು ನೇರ ಚರ್ಮಕ್ಕೆ ಹಚ್ಚಬಾರದು. 30 ಮಿ.ಲೀ. ಸಾದಾ ಎಣ್ಣೆಗೆ ಆರು ಹನಿ ಹಾಕಿದರೆ ಸುಮಾರು ಶೇ 1ರಷ್ಟಾಗುತ್ತದೆ, ಅಷ್ಟು ಸಾಕು. ಮುಂಚಿನ ದಿನ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ, 24 ಗಂಟೆ ಕಾದು, ಕೆಂಪಾಗದಿದ್ದರೆ ಬಳಸಿ.

ಉಗುರು ಕತ್ತರಿಸಿ. ಉಂಗುರ, ಬಳೆ, ವಾಚು ತೆಗೆದಿಡಿ. ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಲಿ. ಕೋಣೆ ಬೆಚ್ಚಗಿರಲಿ, ಯಾಕೆಂದರೆ ಚಳಿಗೆ ನಡುಗುವ ಸ್ನಾಯು ಸಡಿಲವಾಗುವುದಿಲ್ಲ.

ಹಂತ 1: ಮಲಗಿಸುವುದು

ಬೋರಲು ಮಲಗಿಸಿ. ಕಣಕಾಲುಗಳ ಕೆಳಗೆ ದಿಂಬು ಅಥವಾ ಸುತ್ತಿದ ಟವೆಲ್ ಇಡಿ, ಪಾದ ನೆಲಕ್ಕೆ ಒತ್ತದಿರಲಿ. ಸೊಂಟನೋವು ಇರುವವರಿಗೆ ಹೊಟ್ಟೆಯ ಕೆಳಗೂ ತೆಳುವಾದ ದಿಂಬು ಬೇಕು, ಇಲ್ಲದಿದ್ದರೆ ಬೆನ್ನು ಒಳಕ್ಕೆ ಬಾಗಿ ನೋವು ಹೆಚ್ಚುತ್ತದೆ. ತಲೆಯನ್ನು ಒಂದೇ ಕಡೆ ಹೊರಳಿಸಿ ಅರ್ಧ ಗಂಟೆ ಬಿಟ್ಟರೆ ಕತ್ತು ಹಿಡಿಯುವುದು ಖಂಡಿತ. ಹಣೆಯ ಕೆಳಗೆ ಎರಡು ಟವೆಲ್ ಸುರುಳಿಗಳನ್ನು ನಡುವೆ ಮೂಗಿಗೆ ಜಾಗ ಬಿಟ್ಟು ಜೋಡಿಸಿ. ಅದು ಆಗದಿದ್ದರೆ ಐದೈದು ನಿಮಿಷಕ್ಕೊಮ್ಮೆ ತಲೆಯ ದಿಕ್ಕು ಬದಲಿಸಲು ಹೇಳಿ.

ಈಗಲೇ ಒಂದು ಅಳತೆ ಒಪ್ಪಿಕೊಳ್ಳಿ. ಒತ್ತಡಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲಿ, ಹತ್ತು ಎಂದರೆ ತಡೆಯಲಾಗದ ನೋವು. ನೀವು ಐದಾರರ ಆಸುಪಾಸಿನಲ್ಲಿರಬೇಕು, ಏಳು ದಾಟಬಾರದು. ಮಲಗಿದವರ ಮಾತನ್ನಷ್ಟೇ ನಂಬಬೇಡಿ. ಸಂಕೋಚಕ್ಕೆ ‘ಪರವಾಗಿಲ್ಲ’ ಎನ್ನುವವರು ಬಹಳ. ಉಸಿರು ಹಿಡಿದರೆ, ಬೆರಳು ಮಡಚಿದರೆ, ಹೆಗಲು ಕಿವಿಯ ಕಡೆ ಏರಿದರೆ ಒತ್ತಡ ಜಾಸ್ತಿಯಾಗಿದೆ ಎಂದೇ ಅರ್ಥ.

ಹಂತ 2: ನೀವುವುದು

ಎಣ್ಣೆಯನ್ನು ನಿಮ್ಮ ಅಂಗೈಗೆ ಹಾಕಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿನ ಎಣ್ಣೆಯನ್ನು ಬೆನ್ನ ಮೇಲೆ ಸುರಿದರೆ ದೇಹ ಬೆಚ್ಚಿಬೀಳುತ್ತದೆ. ಎರಡೂ ಅಂಗೈಗಳನ್ನು ಸೊಂಟದ ಮೇಲೆ, ಬೆನ್ನುಮೂಳೆಯ ಎರಡು ಬದಿಗೆ ಇಟ್ಟು ಒಂದೆರಡು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಆಮೇಲೆ ಭುಜದವರೆಗೆ ನೀವುತ್ತಾ ಹೋಗಿ, ಭುಜವನ್ನು ಸುತ್ತಿ, ಪಕ್ಕೆಗಳ ಮೇಲೆ ಹಗುರವಾಗಿ ಕೆಳಗೆ ಬನ್ನಿ. ಮೇಲೆ ಹೋಗಲು ಆರೇಳು ಸೆಕೆಂಡ್ ಹಿಡಿಯಬೇಕು. ಮೇಲಕ್ಕೆ ಹೋಗುವಾಗ ಒತ್ತಡ, ಕೆಳಗೆ ಬರುವಾಗ ಬರೀ ಸ್ಪರ್ಶ.

ಸ್ವೀಡಿಶ್ ಮಸಾಜ್ ಎಂದು ಹೆಸರಾದ ಪದ್ಧತಿಯಲ್ಲಿ ಇದಕ್ಕೆ ‘ಎಫ್ಲುರಾಜ್’ ಎನ್ನುತ್ತಾರೆ. ಸುಮಾರು ಐದು ನಿಮಿಷ ಇದನ್ನೇ ಮಾಡಿ. ‘ಇದರಿಂದ ಏನಾಗುತ್ತದೆ, ಬೇಗ ಗಂಟಿಗೆ ಹೋಗೋಣ’ ಎಂಬ ಅವಸರ ಬರುತ್ತದೆ. ಬೇಡ. ಚರ್ಮ ಬೆಚ್ಚಗಾಗುವುದು, ಉಸಿರು ನಿಧಾನವಾಗುವುದು, ಎಲ್ಲಿ ಬಿಗಿತವಿದೆ ಎಂದು ನಿಮ್ಮ ಅಂಗೈಗೆ ತಿಳಿಯುವುದು ಎಲ್ಲವೂ ಈ ಐದು ನಿಮಿಷದಲ್ಲೇ. ಇದನ್ನು ಬಿಟ್ಟರೆ ಮುಂದಿನ ಹಂತಗಳೆಲ್ಲ ಬರೀ ನೋವು.

ಬಲಕ್ಕೆ ತೋಳನ್ನು ನೆಚ್ಚಬೇಡಿ. ಮೊಣಕೈ ಹೆಚ್ಚುಕಡಿಮೆ ನೇರವಾಗಿರಲಿ, ಸೊಂಟದಿಂದ ಮುಂದಕ್ಕೆ ವಾಲಿ, ದೇಹದ ಭಾರ ತಾನಾಗಿ ಅಂಗೈಗೆ ಇಳಿಯಲಿ.

ಹಂತ 3: ನಾದುವುದು

ಇದು ‘ಪೆಟ್ರಿಸಾಜ್’. ಸ್ನಾಯುವನ್ನು ಹಿಡಿದೆತ್ತಿ, ಹಿಸುಕಿ, ಬಿಡುವುದು. ಹೆಗಲ ಮೇಲಿನ ದಪ್ಪ ಸ್ನಾಯುವಿಂದ (ಟ್ರಪೀಜಿಯಸ್, ಕತ್ತಿನಿಂದ ಹೆಗಲಿನ ತುದಿಗೂ ಬೆನ್ನಿನ ನಡುವಿಗೂ ಹರಡಿರುವುದು) ಶುರುಮಾಡಿ. ಹೆಬ್ಬೆರಳು ಹಿಂದೆ, ಉಳಿದ ನಾಲ್ಕು ಬೆರಳು ಮುಂದೆ ಇಟ್ಟು, ಹಿಟ್ಟು ನಾದುವ ಹಾಗೆ ಒಂದು ಕೈ ಬಿಡುವಾಗ ಇನ್ನೊಂದು ಕೈ ಹಿಡಿಯಲಿ. ಹಿಡಿತಕ್ಕೆ ಸಿಗಬೇಕಾದ್ದು ಸ್ನಾಯು, ಚರ್ಮವನ್ನು ಚಿವುಟಬೇಡಿ. ಮುಂದಿರುವ ಬೆರಳುಗಳು ಕೊರಳೆಲುಬಿನ ಮೇಲಿನ ಗುಳಿಗೆ ಇಳಿಯದಂತೆ ನೋಡಿಕೊಳ್ಳಿ. ಅಲ್ಲಿ ಕೈಗೆ ಹೋಗುವ ನರಗಳ ಗೊಂಚಲಿದೆ.

ಬೆನ್ನುಮೂಳೆಯ ಎರಡು ಬದಿಗೆ ಹಗ್ಗದಂತೆ ಉದ್ದಕ್ಕೆ ಇಳಿದಿರುವ ಸ್ನಾಯುಗಳನ್ನು ಹಿಡಿದೆತ್ತಲು ಬರುವುದಿಲ್ಲ. ಅಲ್ಲಿ ಅಂಗೈ ಬುಡ ಇಟ್ಟು ಮೂಳೆಯಿಂದ ಹೊರಕ್ಕೆ, ಪಕ್ಕೆಯ ಕಡೆಗೆ ತಳ್ಳಿ. ಎರಡು ಬೆರಳಗಲ ಮೇಲೆ ಸರಿದು ಮತ್ತೆ ತಳ್ಳಿ. ಬೆನ್ನುಮೂಳೆಯ ಮೇಲೆ ಎಂದೂ ಒತ್ತಬೇಡಿ, ‘ಲಟಕ್’ ಎನಿಸಲು ಪ್ರಯತ್ನಿಸಬೇಡಿ, ಬೆನ್ನ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆಯ ಜಾಗದಲ್ಲಿ ಕೈ ಹಗುರವಾಗಲಿ, ಒಳಗೆ ಮೂತ್ರಪಿಂಡಗಳಿವೆ.

ಸೊಂಟನೋವಿನವರಲ್ಲಿ ಎಲ್ಲರೂ ಮರೆಯುವ ಜಾಗ ಪೃಷ್ಠ. ಕುಳಿತು ಕೆಲಸ ಮಾಡುವವರಲ್ಲಿ ಸೊಂಟಕ್ಕಿಂತ ಅಲ್ಲಿನ ಸ್ನಾಯುಗಳೇ ಹೆಚ್ಚು ಬಿಗಿದಿರುತ್ತವೆ. ಬಟ್ಟೆಯ ಮೇಲಿಂದಲೇ, ಸಡಿಲ ಮುಷ್ಟಿಯಿಂದ ಅಥವಾ ಮುಂಗೈಯ ಅಗಲವಾದ ಭಾಗದಿಂದ ಪೃಷ್ಠದ ಮೇಲ್ಭಾಗ ಮತ್ತು ಹೊರಬದಿಯನ್ನು ನಿಧಾನವಾಗಿ ಸುತ್ತು ಹಾಕುತ್ತಾ ಒತ್ತಿ. ಪೃಷ್ಠದ ನಟ್ಟನಡುವೆ ಮೊಣಕೈ ಚುಚ್ಚಬೇಡಿ. ಕಾಲಿಗೆ ಇಳಿಯುವ ಸಯಾಟಿಕ್ ನರ ಅಲ್ಲೇ ಹಾದುಹೋಗುತ್ತದೆ, ಒತ್ತಿದರೆ ಕಾಲಿನುದ್ದಕ್ಕೂ ಜುಮ್ಮೆನ್ನುತ್ತದೆ.

ಹಂತ 4: ಗಂಟು

ನಾದುವಾಗ ಒಂದು ಬಿಗಿದ ಎಳೆ, ಅದರಲ್ಲಿ ಬಟಾಣಿಯಷ್ಟು ಗಟ್ಟಿ ಚುಕ್ಕೆ ಸಿಗುತ್ತದೆ. ಒತ್ತಿದರೆ ‘ಹಾಂ, ಅದೇ ಜಾಗ’ ಎನ್ನುತ್ತಾರೆ. ಇದೇ ಟ್ರಿಗರ್ ಪಾಯಿಂಟ್. ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ಎಂಬ ವೈದ್ಯರು 1983ರಲ್ಲಿ ಪ್ರಕಟಿಸಿದ ಕೈಪಿಡಿಯಿಂದ ಈ ಕಲ್ಪನೆ ಎಲ್ಲೆಡೆ ಹರಡಿತು. ಗಂಟಿನೊಳಗೆ ನಿಜವಾಗಿ ಏನಾಗಿರುತ್ತದೆ ಎಂಬ ಚರ್ಚೆ ಸಂಶೋಧಕರ ನಡುವೆ ಇನ್ನೂ ಮುಗಿದಿಲ್ಲ. ಆದರೆ ಅವರು ಗುರುತಿಸಿದ ಒಂದು ಸಂಗತಿ ಬಹಳ ಉಪಯೋಗಕ್ಕೆ ಬರುತ್ತದೆ: ಗಂಟು ಒಂದು ಕಡೆ, ನೋವು ಇನ್ನೊಂದು ಕಡೆ. ಹೆಗಲ ಮೇಲಿನ ಗಂಟು ಕತ್ತಿನ ಬದಿಯಿಂದ ಕಣತಲೆಯವರೆಗೆ ನೋವು ಕಳಿಸುತ್ತದೆ. ಹಿಂಬದಿಯಲ್ಲಿ ಭುಜದ ಹಲಗೆಮೂಳೆಯ ಮೇಲಿರುವ ಗಂಟು ಭುಜದ ಮುಂಭಾಗವನ್ನು ನೋಯಿಸುತ್ತದೆ. ನೋಯುವ ಜಾಗವನ್ನಷ್ಟೇ ತಿಕ್ಕಿ ಫಲ ಸಿಗದಿದ್ದರೆ ಅದರ ಮೇಲೆ, ಕೆಳಗೆ, ಹಿಂದೆ ಹುಡುಕಿ.

ಹಲಗೆಮೂಳೆಯ ಒಳಬದಿಯ ಮೇಲ್ತುದಿ ಗಂಟುಗಳ ಖಾಯಂ ಜಾಗ. ಕತ್ತಿನಿಂದ ಇಳಿದ ಸ್ನಾಯು ಅಲ್ಲಿ ಮೂಳೆಗೆ ಅಂಟಿಕೊಳ್ಳುತ್ತದೆ. ದಿನವಿಡೀ ಪರದೆ ನೋಡುತ್ತಾ ತಲೆ ಮುಂದಕ್ಕೆ ಚಾಚಿದವರಿಗೆ ಇಲ್ಲೇ ನೋವು.

ಮಾಡುವ ಬಗೆ: ಹೆಬ್ಬೆರಳನ್ನು ಗಂಟಿನ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೈಯ ಬೆರಳುಗಳನ್ನು ಆಸರೆಗೆ ಇಡಿ. ಉಸಿರು ಹೊರಬಿಡಲು ಹೇಳಿ, ಆ ಉಸಿರಿನ ಜೊತೆಗೆ ಒತ್ತಡ ಏರಿಸಿ. ಐದಾರು ಅಂಕಕ್ಕೆ ಬಂದಾಗ ನಿಲ್ಲಿಸಿ, ಬೆರಳು ಅಲ್ಲಾಡಿಸದೆ 30 ಸೆಕೆಂಡಿನಿಂದ ಒಂದು ನಿಮಿಷ ಹಾಗೇ ಹಿಡಿಯಿರಿ. ನೋವಿನ ಅಂಕ ತಾನಾಗಿ ಮೂರಕ್ಕೋ ಎರಡಕ್ಕೋ ಇಳಿಯುವುದನ್ನು ಅವರೇ ಹೇಳುತ್ತಾರೆ. ಆಮೇಲೆ ಮೆಲ್ಲಗೆ ಬಿಟ್ಟು ಅಂಗೈಯಿಂದ ನೀವಿ. ಒಂದು ಗಂಟಿಗೆ ಎರಡು ಮೂರು ಸಲ, ಒಂದು ದಿನಕ್ಕೆ ಮೂರು ನಾಲ್ಕು ಗಂಟು, ಇದು ಮಿತಿ. ಒಂದು ನಿಮಿಷವಾದರೂ ನೋವು ಇಳಿಯದಿದ್ದರೆ ಅಥವಾ ಏರುತ್ತಿದ್ದರೆ ಬಿಟ್ಟುಬಿಡಿ, ಇವತ್ತೇ ಬಿಡಿಸಬೇಕೆಂಬ ಹಟ ಬೇಡ. ಬೆರಳಿನ ಕೆಳಗೆ ನಾಡಿ ಬಡಿಯುತ್ತಿದ್ದರೆ, ವಿದ್ಯುತ್ ಹರಿದಂತೆ ಜುಮ್ಮೆಂದರೆ, ಮರಗಟ್ಟಿದಂತಾದರೆ ನೀವಿರುವುದು ರಕ್ತನಾಳ ಅಥವಾ ನರದ ಮೇಲೆ. ತಕ್ಷಣ ಜಾಗ ಬದಲಿಸಿ.

ನಿಮ್ಮ ಹೆಬ್ಬೆರಳೂ ಮುಖ್ಯ. ಅದು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಒತ್ತುತ್ತಿದ್ದರೆ ಕೆಲವೇ ವಾರಗಳಲ್ಲಿ ಬುಡದ ಕೀಲು ನೋಯತೊಡಗುತ್ತದೆ. ಮುಂಗೈ, ಮಣಿಕಟ್ಟು, ಹೆಬ್ಬೆರಳು ಒಂದೇ ಗೆರೆಯಲ್ಲಿರಲಿ.

ಹಂತ 5: ಕಾಲು

ಬೋರಲು ಮಲಗಿರುವಾಗಲೇ ಮೀನಖಂಡ ಮುಗಿಸಿಬಿಡಿ. ಹಿಮ್ಮಡಿಯಿಂದ ಮೇಲಕ್ಕೆ, ಹೃದಯದ ದಿಕ್ಕಿಗೆ ನೀವಿ. ಸಿರೆಗಳಲ್ಲಿ ರಕ್ತ ಸಾಗುವ ದಿಕ್ಕು ಅದೇ. ಮಂಡಿಯ ಹಿಂದಿನ ಗುಳಿ ಬಂದಾಗ ಒತ್ತಡ ಪೂರ್ತಿ ಬಿಟ್ಟು ಸವರಿಕೊಂಡು ದಾಟಿ, ಅಲ್ಲಿ ದೊಡ್ಡ ರಕ್ತನಾಳ ಮತ್ತು ನರ ಚರ್ಮಕ್ಕೆ ಹತ್ತಿರದಲ್ಲಿವೆ. ಉಬ್ಬಿ ಸುರುಳಿಯಾದ ಸಿರೆಗಳ ಮೇಲೂ ಒತ್ತಬೇಡಿ. ತೊಡೆಯ ಹಿಂಭಾಗಕ್ಕೆ ಅಂಗೈ ಬುಡ ಸಾಕು. ತೊಡೆಯ ಒಳಭಾಗದ ಮೇಲ್ತುದಿ, ತೊಡೆಸಂದಿ ಎರಡನ್ನೂ ಬಿಟ್ಟುಬಿಡಿ.

ಮೀನಖಂಡ ಅಲ್ಲೇ ಕಟ್ಟಿಕೊಂಡರೆ ತೀಡಲು ಹೋಗಬೇಡಿ. ಮಂಡಿ ನೇರ ಮಾಡಿ, ಪಾದದ ಮುಂಭಾಗವನ್ನು ಮೊಣಕಾಲಿನ ಕಡೆಗೆ ತಳ್ಳಿ ಅರ್ಧ ನಿಮಿಷ ಹಿಡಿಯಿರಿ. ಸೆಳೆತ ಬಿಟ್ಟ ಮೇಲೆ ಹಗುರವಾಗಿ ನೀವಿ.

ಹಂತ 6: ಕತ್ತು

ಅಂಗಾತ ತಿರುಗಿಸಿ, ಮಂಡಿಗಳ ಕೆಳಗೆ ದಿಂಬಿಡಿ. ನೀವು ತಲೆಯ ಹಿಂದೆ ಕುಳಿತುಕೊಳ್ಳಿ. ಕುಳಿತವರ ಕತ್ತಿಗಿಂತ ಮಲಗಿದವರ ಕತ್ತಿಗೆ ಮಾಡುವುದು ಸುಲಭ, ತಲೆಯ ಭಾರ ಹೊರುವ ಕೆಲಸದಿಂದ ಸ್ನಾಯುಗಳಿಗೆ ಬಿಡುವು ಸಿಕ್ಕಿರುತ್ತದೆ.

ಎರಡೂ ಕೈಗಳ ಬೆರಳುಗಳನ್ನು ಕತ್ತಿನ ಹಿಂದೆ, ಮೂಳೆಯ ಎರಡು ಬದಿಗೆ ಇಟ್ಟು ಹೆಗಲಿನಿಂದ ತಲೆಬುರುಡೆಯ ಅಂಚಿನವರೆಗೆ ನಿಧಾನವಾಗಿ ಎಳೆದುಕೊಳ್ಳಿ. ಐದಾರು ಸಲ. ಆಮೇಲೆ ಬುರುಡೆಯ ಅಂಚಿನ ಕೆಳಗೆ ಬೆರಳ ತುದಿಗಳನ್ನು ಮೇಲ್ಮುಖವಾಗಿ ನಿಲ್ಲಿಸಿ, ತಲೆಯ ಭಾರವೇ ಬೆರಳ ಮೇಲೆ ಇಳಿಯುವಂತೆ ಬಿಡಿ. ನೀವು ಒತ್ತುವುದು ಬೇಕಿಲ್ಲ. ಒಂದೆರಡು ನಿಮಿಷದಲ್ಲಿ ತಲೆ ಭಾರವಾಗುವುದು ನಿಮಗೇ ತಿಳಿಯುತ್ತದೆ. ಕತ್ತಿನ ಬಿಗಿತದಿಂದ ಬರುವ ತಲೆನೋವಿಗೆ ಇಡೀ ಮಸಾಜಿನಲ್ಲಿ ಇದಕ್ಕಿಂತ ಒಳ್ಳೆಯ ತಂತ್ರವಿಲ್ಲ, ಮಾಡುವವರಿಗೆ ಶ್ರಮವೂ ಇಲ್ಲ.

ಕತ್ತಿನ ಮುಂಭಾಗ ಮತ್ತು ಮುಂಬದಿ ಪೂರ್ತಿ ನಿಷಿದ್ಧ. ಮೆದುಳಿಗೆ ರಕ್ತ ಒಯ್ಯುವ ಕರೊಟಿಡ್ ರಕ್ತನಾಳಗಳು ಅಲ್ಲಿವೆ, ಒತ್ತಿದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ತಲೆಯನ್ನು ಗಕ್ಕನೆ ತಿರುಗಿಸಿ ನೆಟಿಕೆ ತೆಗೆಯುವುದಂತೂ ಬೇಡವೇ ಬೇಡ. ಅಪರೂಪಕ್ಕಾದರೂ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಿರುವುದುಂಟು.

ಹಂತ 7: ಮುಗಿಸುವುದು

ಕೊನೆಗೆ ಮತ್ತೆ ಉದ್ದನೆಯ, ಹಗುರವಾದ ನೀವುವಿಕೆ, ಎರಡು ಮೂರು ನಿಮಿಷ. ಅಂಗೈ ಅಂಚಿನಿಂದ ಪಟಪಟನೆ ತಟ್ಟುವುದು ದೇಹವನ್ನು ಎಚ್ಚರಿಸುತ್ತದೆ. ನಿದ್ದೆಗೆ ಮುಂಚೆ ಮಾಡುವ ಮಸಾಜಿನಲ್ಲಿ ಅದು ಬೇಡ. ಟವೆಲ್ ಹೊದಿಸಿ ಐದು ನಿಮಿಷ ಬಿಡಿ. ಪಕ್ಕಕ್ಕೆ ಹೊರಳಿ, ಕುಳಿತು, ಆಮೇಲೆ ಏಳಲಿ. ಧಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಅಂಗಾಲಿನ ಎಣ್ಣೆ ಒರೆಸದೆ ನಡೆಯಲು ಬಿಡಬೇಡಿ. ಎಣ್ಣೆ ಹೀರಿದ ಟವೆಲ್‌ಗಳನ್ನು ಬಿಸಿನೀರು, ಸೋಪಿನಲ್ಲಿ ಒಗೆದು ಹರಡಿ ಒಣಗಿಸಿ. ಮುದ್ದೆ ಮಾಡಿ ಬಿಸಿ ಜಾಗದಲ್ಲಿಟ್ಟರೆ ಕೆಲವು ಎಣ್ಣೆಗಳು ತಾವಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು.

ಒಟ್ಟು 40ರಿಂದ 45 ನಿಮಿಷ ಸಾಕು. ಅದರಲ್ಲಿ ಬೆನ್ನಿಗೇ ಅರ್ಧದಷ್ಟು. ವಾರಕ್ಕೆ ಒಂದೆರಡು ಸಲ ಮಾಡಬಹುದು. ಮರುದಿನ ಸ್ವಲ್ಪ ಮೈಕೈ ಭಾರವೆನಿಸಿ ಒಂದೆರಡು ದಿನದಲ್ಲಿ ಹೋದರೆ ಚಿಂತೆಯಿಲ್ಲ. ಚರ್ಮ ನೀಲಿಗಟ್ಟಿದರೆ ಒತ್ತಿದ್ದು ಜಾಸ್ತಿಯಾಯಿತು, ಮುಂದಿನ ಸಲ ಅರ್ಧಕ್ಕಿಳಿಸಿ.

ಜೊತೆಗೆ ಯಾರೂ ಇಲ್ಲದಿದ್ದರೆ

ಟೆನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು, ಬೆನ್ನುಮೂಳೆ ಮತ್ತು ಹಲಗೆಮೂಳೆಯ ನಡುವಿನ ಜಾಗಕ್ಕೆ ಬರುವಂತೆ ಒರಗಿಕೊಳ್ಳಿ. ಚೆಂಡು ಜಾರುತ್ತಿದ್ದರೆ ಉದ್ದನೆಯ ಕಾಲುಚೀಲದೊಳಗೆ ಹಾಕಿ ಹೆಗಲ ಮೇಲಿಂದ ಇಳಿಬಿಡಿ. ಪಾದ ಗೋಡೆಯಿಂದ ದೂರ ಹೋದಷ್ಟೂ ಒತ್ತಡ ಹೆಚ್ಚು. ಗಂಟು ಸಿಕ್ಕಲ್ಲಿ ನಿಂತು ಅರ್ಧ ನಿಮಿಷ ಉಸಿರಾಡಿ. ಮೊದಲೇ ನೆಲದ ಮೇಲೆ ಚೆಂಡಿಟ್ಟು ಮಲಗಬೇಡಿ, ಇಡೀ ದೇಹದ ಭಾರ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಅಂಗಾಲಿಗೆ ಕುರ್ಚಿಯಲ್ಲಿ ಕುಳಿತು ಅದೇ ಚೆಂಡನ್ನು ಬೆರಳ ಬುಡದಿಂದ ಹಿಮ್ಮಡಿಯವರೆಗೆ ಎರಡು ನಿಮಿಷ ಉರುಳಿಸಿ. ಹೆಗಲಿಗೆ ಎದುರು ಕೈಯಿಂದ ಹಿಡಿದು, ತಲೆಯನ್ನು ನಿಧಾನವಾಗಿ ಆಚೆ ಬಾಗಿಸಿ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟುಕೊಂಡು ಆಮೇಲೆ ಶುರುಮಾಡಿದರೆ ಇವೆಲ್ಲ ಇನ್ನೂ ಸಲೀಸು.

ಎರಡು ಮೂರು ವಾರ ಹೀಗೆ ಮಾಡಿದರೂ ಅದೇ ಗಂಟು ಅದೇ ಜಾಗಕ್ಕೆ ಮರಳಿ ಬರುತ್ತಿದ್ದರೆ ಕಾರಣ ಬೇರೆಲ್ಲೋ ಇದೆ: ಕುಳಿತುಕೊಳ್ಳುವ ರೀತಿ, ದಿಂಬಿನ ಎತ್ತರ, ಯಾವಾಗಲೂ ಒಂದೇ ಹೆಗಲಿಗೆ ಹಾಕುವ ಚೀಲ, ದುರ್ಬಲವಾದ ಸ್ನಾಯು. ಆಗ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಯಾವ ಜಾಗ ಒತ್ತಿದರೆ ನೋವು ಎಲ್ಲಿಗೆ ಹರಿಯುತ್ತದೆ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು, ಮಸಾಜಿನ ಆರಾಮ ಎಷ್ಟು ಹೊತ್ತು ಉಳಿಯುತ್ತದೆ ಎಂದು ಬರೆದುಕೊಂಡು ಹೋದರೆ ಅವರಿಗೆ ಮೂಲ ಹುಡುಕುವುದು ಬಹಳ ಸುಲಭವಾಗುತ್ತದೆ.